ಎರಡನೇ ಏಟಿಗೆ ಚಿಮ್ಮಿದ ಕಾಲು

ಡಾಕ್ಟರ್ ಸ್ಮೃತಿ ಪುಟ್ಟ ಸುತ್ತಿಗೆಯಿಂದ ಮಂಡಿಯ ಕೆಳಗೆ ಮೆಲ್ಲಗೆ ಬಡಿದರು. ಮಂಚದ ಅಂಚಿನಿಂದ ಇಳಿಬಿಟ್ಟಿದ್ದ ಆಂಬ್ರೋಸನ ಕಾಲು ಅಲುಗಲಿಲ್ಲ.

ಅವನಿಗೇನೂ ಆಶ್ಚರ್ಯವಾಗಲಿಲ್ಲ. ಮನೆಗಳಿಗೆ ಬಣ್ಣ ಬಳಿಯುತ್ತ ಮೂವತ್ತು ವರ್ಷ ಏಣಿ ಹತ್ತಿದ ಕಾಲುಗಳು ನಾಲ್ಕು ತಿಂಗಳಿಂದ ಕೈಕೊಟ್ಟಿದ್ದವು. ಆದರೆ ಹೇಗೋ ಎದ್ದು ಹತ್ತು ಹೆಜ್ಜೆ ಹಾಕಿದರೆ ತುಸು ಹೊತ್ತು ಬಲ ಬರುತ್ತಿತ್ತು. ಅದೇ ಅವನಿಗೆ ಮುಳುವಾಯಿತು. ಬೆಳಿಗ್ಗೆ ಕುಸಿದು ಕೂತವನು ಸ್ವಲ್ಪ ಹೊತ್ತಿಗೆ ಓಡಾಡುವುದನ್ನು ಕಂಡ ಮೇಸ್ತ್ರಿ ಸೆವರಿನ್, "ಕುಡಿದು ಕೆಲಸಕ್ಕೆ ಬರಬೇಡ ಮಾರಾಯ" ಎಂದು ಎಲ್ಲರೆದುರು ಹೇಳಿ ಮನೆಗೆ ಕಳಿಸಿದ್ದ. ಆಂಬ್ರೋಸ್ ಬೀಡಿ ಸೇದುತ್ತಿದ್ದ, ನಿಜ. ಹೆಂಡ ಮುಟ್ಟಿದವನಲ್ಲ.

"ನಡೆದ ಮೇಲೆ ಬಲ ಬರ್ತದೆ ಅಂದ್ರೆ ಯಾರೂ ನಂಬುದಿಲ್ಲ, ಡಾಕ್ಟ್ರೇ."

ಸ್ಮೃತಿ ಅವನ ಕಣಕಾಲಿಗೆ ಅಂಗೈ ಅಡ್ಡ ಹಿಡಿದರು. "ಕಾಲಿಂದ ನನ್ನ ಕೈ ದೂಡಿ. ಇದ್ದ ಬಲ ಎಲ್ಲ ಹಾಕಿ. ಹತ್ತು ಎಣಿಸ್ತೇನೆ."

ಎಣಿಸಿ ಮುಗಿದೊಡನೆ ಮತ್ತೆ ಬಡಿದರು. ಕಾಲು ಚಿಮ್ಮಿ ಅವರ ಬಿಳಿ ಕೋಟಿಗೆ ತಾಗಿತು.

"ನಾನು ನಂಬ್ತೇನೆ," ಅಂದರು ಸ್ಮೃತಿ. ಮೂಲೆಯಲ್ಲಿ ನಿಂತಿದ್ದ ಹೆಂಡತಿ ಗೆರ್ಟ್ರೂಡ್ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೀಗೆ ಬಲ ಹಾಕಿದ ಮೇಲಷ್ಟೇ ಕಾಲು ಚಿಮ್ಮಿದರೆ ಒಳಗೆ ಎಲ್ಲೋ ಗಡ್ಡೆ ಇರಬಹುದು. ಅದನ್ನು ಕೊಲ್ಲಲಿಕ್ಕೆ ಶರೀರ ಒಂದು ಸೈನ್ಯ ಕಟ್ಟಿದೆ. ಆ ಸೈನ್ಯ ಗುರಿ ತಪ್ಪಿ ನಿಮ್ಮ ನರದ ತುದಿಗಳಿಗೂ ಹೊಡೀತಾ ಉಂಟು."

"ಕ್ಯಾನ್ಸರಾ?" ಗೆರ್ಟ್ರೂಡ್ ಮಂಚದ ಹತ್ತಿರ ಬಂದಳು.

"ಇರಬಹುದು. ಆದರೆ ಇವರ ಕಾಲು ನಮಗೆ ಬೇಗ ಹೇಳಿದೆ."

ಕೆಮ್ಮು ಕೂಡ ಇರಲಿಲ್ಲ; ಆದರೂ ಸ್ಕ್ಯಾನಿನಲ್ಲಿ ಶ್ವಾಸಕೋಶದ ಮೂಲೆಯಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆ ಕಂಡಿತು. ಬೇರೆಲ್ಲೂ ಹರಡಿರಲಿಲ್ಲ. ಆಂಬ್ರೋಸ್ ಬೀಡಿ ಬಿಟ್ಟ. ಕೀಮೋ ಕೂದಲನ್ನೂ ನಾಲಗೆಯ ರುಚಿಯನ್ನೂ ಒಯ್ದಿತು. ನರಕ್ಕೆಂದು ಕೊಟ್ಟ ಮಾತ್ರೆ, ಗಡ್ಡೆ ಕರಗುತ್ತ ಬಂದದ್ದು, ಎರಡೂ ಸೇರಿ ಕಾಲಿಗೆ ಜೀವ ತಂದವು. ಸುದ್ದಿ ತಿಳಿದ ಸೆವರಿನ್ ಬೋಳಾರದಲ್ಲಿದ್ದ ಆಂಬ್ರೋಸನ ಮನೆಗೇ ಬಂದ. "ಅವತ್ತು ನಾನು ಹಾಗೆ ಹೇಳಬಾರದಿತ್ತು," ಅಂದ. ಆಂಬ್ರೋಸ್ ಅವನಿಗೆ ತಾನೇ ಚಾ ತಂದುಕೊಟ್ಟ.

ಒಂಬತ್ತನೇ ತಿಂಗಳ ಸ್ಕ್ಯಾನಿನಲ್ಲಿ ಗಡ್ಡೆಯ ಗುರುತೇ ಇರಲಿಲ್ಲ.

ಅದೇ ಸಂಜೆ ಗಂಡ ಹೆಂಡತಿ ಇಬ್ಬರೂ ಕದ್ರಿಯಲ್ಲಿ ಬಸ್ಸಿಳಿದು ಗೆರ್ಟ್ರೂಡಳ ತಂಗಿಯ ಮನೆಗೆ ಹೋಗುವ ಏರು ಹತ್ತತೊಡಗಿದರು. ಅರ್ಧದಲ್ಲಿ ಗೆರ್ಟ್ರೂಡ್ ಏದುಸಿರು ಬಿಡುತ್ತ ನಿಂತಳು.

"ನೀವು ಹೋಗಿ. ನಾನು ಮೆಲ್ಲ ಬರ್ತೇನೆ."

ಅವಳ ಕೈಯಿಂದ ಹಣ್ಣಿನ ಚೀಲ ತಕ್ಕೊಂಡು ಆಂಬ್ರೋಸ್ ಮುಂದೆ ನಡೆದ. ಏರಿನ ತುದಿಯಲ್ಲಿ ತಿರುಗಿ ನಿಂತು, ಅವಳು ಬರುವುದನ್ನೇ ನೋಡುತ್ತಿದ್ದ.