ರೇಡಿಯೇಟರಿಗೆ ಹಾಕಿದ ಬಿಲ್ವ

ಹೊಳೆನರಸೀಪುರ ಬಿಟ್ಟು ಏಳು ಮೈಲಿ ಬರುವಷ್ಟರಲ್ಲಿ ಕಾರಿನ ಮೂತಿಯಿಂದ ಹಬೆ ಎದ್ದಿತು. ಹಿಂದಿನ ಸೀಟಿನಲ್ಲಿ ಮಗಳು ಪ್ರೇಮಕುಮಾರಿ ಕಮಲಾಕ್ಷಮ್ಮನ ತೊಡೆಯ ಮೇಲೆ ತಲೆಯಿಟ್ಟು ನರಳುತ್ತಿದ್ದಳು. ಮಗು ಅಡ್ಡ ತಿರುಗಿದೆ, ಬೇಗ ಹಾಸನದ ಆಸ್ಪತ್ರೆ ಸೇರಿಸದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದಿದ್ದಳು ಸೂಲಗಿತ್ತಿ.

"ನಿನ್ನ ಊದುವ ಯಂತ್ರ ಎಂಜಿನ್ನನ್ನೇ ಬೇಯಿಸಿಬಿಡ್ತಲ್ಲೋ!" ಎಂದು ಕಮಲಾಕ್ಷಮ್ಮನ ಗಂಡ ಪಂಚಾಕ್ಷರಯ್ಯ ಡ್ರೈವರ್ ಬೋರಪ್ಪನ ಮೇಲೆ ಹರಿಹಾಯ್ದರು.

ಯುದ್ಧ ಬಂದು ಪೆಟ್ರೋಲಿಗೆ ರೇಷನ್ ಆದಮೇಲೆ ಕಾರು ಇದ್ದಿಲ ಗ್ಯಾಸಿನಿಂದ ಓಡುತ್ತಿತ್ತು. ಏರು ಹತ್ತಲು ಶಕ್ತಿ ಸಾಲದೆಂದು ವಾರದ ಹಿಂದೆ ಬೋರಪ್ಪ ಎಂಜಿನ್ನಿಗೆ ಗಾಳಿ ಒತ್ತುವ ಸೂಪರ್‌ಚಾರ್ಜರ್ ಕೂರಿಸಿದ್ದ.

"ಬೈಬ್ಯಾಡಿ ಸಾ, ಅದುನ್ನೇ ತಪ್ಪಿಸಿ ನೋಡ್ಬುಡ್ತೀನಿ." ಅವನು ಯಂತ್ರದ ಬೆಲ್ಟು, ಕೊಳವೆ ಕಳಚಿ, ಎಂಜಿನ್ ಆರಲು ಬಿಟ್ಟು, ನೀರು ತುಂಬಿ ಹೊರಟ. ಅರ್ಧ ಮೈಲಿಗೆ ಮತ್ತೆ ಹಬೆ. ಕೈಗೆ ಬಟ್ಟೆ ಸುತ್ತಿಕೊಂಡು ರೇಡಿಯೇಟರನ್ನು ಮುಟ್ಟಿ ನೋಡಿದ.

"ಮೇಲೆ ಕೆಂಡ, ಕೆಳಗೆ ತಣ್ಣಗದೆ. ನೀರು ಇಳೀತಿಲ್ಲ. ಪಂಪು ಓಗಿರ್ಬೇಕು ಸಾ. ಹಾಸನಕ್ಕೆ ನಡ್ಕೊಂಡೋಗಿ ಸಾಮಾನು ತತ್ತೀನಿ."

ಯಂತ್ರ ಬಂದ ದಿನದಿಂದ, ಅದರ ಗುರ್ರೆನ್ನುವ ಸದ್ದಿಗೆ ಹೆದರಿ, ಕಮಲಾಕ್ಷಮ್ಮ ದಿನವೂ ಲಿಂಗಪೂಜೆಯ ಬಿಲ್ವಪತ್ರೆಯನ್ನು ನೀರಿನ ಜೊತೆ ರೇಡಿಯೇಟರಿಗೆ ಹಾಕುತ್ತಿದ್ದಳು. ಪೂಜೆಯ ಬಿಲ್ವವನ್ನು ಯಾರೂ ತುಳಿಯಬಾರದು. ಕಾರಿನ ಹೊಟ್ಟೆಯಲ್ಲಿ ತುಳಿಯುವವರು ಯಾರು? ಅಲ್ಲಿದ್ದರೆ ಮಗಳನ್ನೂ ಕಾಯುತ್ತದೆ ಎಂದುಕೊಂಡಿದ್ದಳು. ಈಗ ಬೋರಪ್ಪ ಚಪ್ಪಲಿ ಮೆಟ್ಟುತ್ತಿದ್ದ. ಹೇಳಿದರೆ ಗಂಡ ಜೀವಮಾನವಿಡೀ ಈ ಮಾತೆತ್ತುತ್ತಾರೆ. ತೊಡೆಯ ಮೇಲಿನ ತಲೆ ಬೆವರಿ ಸೀರೆ ಒದ್ದೆಯಾಗಿತ್ತು.

"ಹೋಗಬೇಡ ಬೋರಪ್ಪ. ಅದರೊಳಗೆ ಬಿಲ್ವ ಇದೆ. ನಾನೇ ಹಾಕಿದ್ದು."

ಪಂಚಾಕ್ಷರಯ್ಯ ತಿರುಗಿ ನೋಡಿದರು. ಬೈದಿದ್ದರೆ ವಾಸಿಯಾಗಿತ್ತು.

"ಏಸು ದಿನದ್ದು ಅಮ್ಮಾರೆ?"

"ಏಳು ದಿನ."

"ಅಲ್ಲಾ ಅಮ್ಮಾರೆ, ಶಿವುನ್ಗೇ ಒಂದೆರಡು ಸಾಕಾಯ್ತದೆ, ಇದುಕ್ಕೆ ಬುಟ್ಟಿಗಟ್ಲೆನಾ!" ಎನ್ನುತ್ತಲೇ ಅವನು ಮೇಲಿನ ರಬ್ಬರ್ ಕೊಳವೆ ಕಿತ್ತು ತಂತಿಯಿಂದ ಕೆದಕಿದ. ಬೆಂದ ಎಲೆ ಕಪ್ಪು ಮುದ್ದೆಯಾಗಿ ಬಂತು. ಬಿಸಿನೀರು ಅವನ ಮಣಿಕಟ್ಟಿನ ಮೇಲೆ ಚೆಲ್ಲಿತು. ಸುಟ್ಟಲ್ಲಿ ಬಾಯಿಂದ ಊದಿಕೊಂಡು ಮತ್ತೆ ಕೈಹಾಕಿದ.

ಡಬ್ಬದ ನೀರು ಸುರಿದು ಹೊರಟಾಗ ಎಂಜಿನ್ ಕಾಯಲಿಲ್ಲ. ಸದ್ದು ಕೂಡ ಸಮನಾಗಿತ್ತು.

"ಅಮ್ಮಾ," ಎಂದಳು ಪ್ರೇಮಕುಮಾರಿ, "ನೋವು ನಿಂತುಹೋಯ್ತು."

ಮುಂದಿನ ಸೀಟಿನಲ್ಲಿ ಪಂಚಾಕ್ಷರಯ್ಯ, "ಸದ್ಯ!" ಎಂದರು.

ಕಮಲಾಕ್ಷಮ್ಮ ಐದು ಹೆತ್ತವಳು. ಹೆರದೆ ನಿಲ್ಲುವ ನೋವಲ್ಲ ಅದು. ಮಗಳ ಹೊಟ್ಟೆಯ ಮೇಲೆ ಅಂಗೈಯೊತ್ತಿ, ಒಳಗೆ ಏನಾದರೂ ಮಿಸುಕೀತೇ ಎಂದು ಉಸಿರು ಹಿಡಿದಳು. ಕಾರಿನ ಅದುರಾಟದಲ್ಲಿ ಏನೂ ತಿಳಿಯುತ್ತಿರಲಿಲ್ಲ.

"ಇನ್ನೂ ಜೋರಾಗಿ ಬಿಡು ಬೋರಪ್ಪ," ಎಂದಳು.