ಹಳದಿ ಪಟ್ಟಿಯ ಪೆನ್‌ಡ್ರೈವ್

ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಟೈಲರಮ್ಮ ಬೆಳಿಗ್ಗೆ ಅಲ್ಲಿ ಲ್ಯಾಪ್‌ಟಾಪ್ ತೆರೆದ ಕೂಡಲೇ ಪರದೆಯ ಮೇಲೆ ಒಂದು ನೋಟೀಸು ಬರುತ್ತಿತ್ತು. ಈ ಹಳೆಯ ವ್ಯವಸ್ಥೆಗೆ ಇನ್ನು ಮುಂದೆ ರಕ್ಷಣೆಯ ಅಪ್‌ಡೇಟು ಸಿಗುವುದಿಲ್ಲ; ಹೊಸದನ್ನು ಹಾಕೋಣವೆಂದರೆ ಈ ಯಂತ್ರಕ್ಕೆ ಅದರ ಯೋಗ್ಯತೆಯಿಲ್ಲ. ಆಕೆ ಅದನ್ನು ಎರಡು ಸಲ ಓದಿ, ತನಗೇ ಬೈದರೇನೋ ಎಂಬಂತೆ ಮುಖ ಸಣ್ಣದು ಮಾಡಿಕೊಂಡು ಮುಚ್ಚುತ್ತಿದ್ದಳು. ಒಂಬತ್ತು ವರ್ಷಗಳಿಂದ ಬಂದ ಗಿರಾಕಿಗಳ ಭುಜ, ಎದೆ, ಸೊಂಟ, ತೋಳು ಎಲ್ಲ ಅದರೊಳಗಿದ್ದವು. ಯಂತ್ರ ಕೈಕೊಟ್ಟರೆ ಇಡೀ ಬಡಾವಣೆಯನ್ನೇ ಮತ್ತೆ ಅಳೆಯಬೇಕು.

ರಿಪೇರಿಯವನು ಅದನ್ನು ಮುಟ್ಟಿಯೂ ನೋಡದೆ ಗುಜರಿಗೆ ಹಾಕಿ ಎಂದಿದ್ದ. ಗ್ರಂಥಾಲಯದಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ನಾದಿನಿ ಮಾತ್ರ ಒಪ್ಪಲಿಲ್ಲ. ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯಿದೆ, ಹಳೆಯ ಯಂತ್ರದಲ್ಲೂ ನಡೆಯುತ್ತದೆ, ಹತ್ತಾರು ಬಗೆಯಲ್ಲಿ ಸಿಗುತ್ತದೆ, ಬರೆದವರು ಒಳಗಿನದನ್ನೆಲ್ಲ ತೆರೆದೇ ಇಟ್ಟಿದ್ದಾರೆ, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು ಎಂದಳು. ಟೈಲರಮ್ಮನ ಕಿವಿ ನೆಟ್ಟಗಾಯಿತು. ಯಾವ ಬಟ್ಟೆ ಕೈಗೆ ಬಂದರೂ ಮೊದಲು ತಿರುವಿಹಾಕಿ ಒಳಹೊಲಿಗೆ ನೋಡುವವಳು ಆಕೆ. ಒಳಗನ್ನು ತೋರಿಸಲು ಅಂಜದವರ ಕೆಲಸ ಎಂದರೆ ಅರ್ಧ ನಂಬಿಕೆ ಅಲ್ಲೇ ಬಂತು. ಉಳಿದರ್ಧ ಬರಲಿಲ್ಲ, ಏಕೆಂದರೆ ಆ ಒಳಗನ್ನು ಓದಲು ತನಗೆ ಬಾರದು.

ನಾದಿನಿ ಮೂರು ಪೆನ್‌ಡ್ರೈವ್ ತಂದಳು. ಒಂದೊಂದರಲ್ಲೂ ಒಂದೊಂದು ಬಗೆ. ಸಿಕ್ಕಿಸಿ ನಡೆಸಿ ನೋಡಿ, ಯಂತ್ರದ ಒಳಗೆ ಏನೂ ಬದಲಾಗುವುದಿಲ್ಲ, ಇಷ್ಟವಾದದ್ದನ್ನು ಆಮೇಲೆ ಒಳಗೆ ಕೂರಿಸೋಣ ಎಂದು ಹೇಳಿ ಕೆಲಸಕ್ಕೆ ಓಡಿದಳು. ಟೈಲರಮ್ಮನಿಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾದದ್ದೇ ಎಡವಟ್ಟಾಯಿತು. ಇದು ಕಚ್ಚಾ ಹೊಲಿಗೆ ಎಂದುಕೊಂಡಳು ಆಕೆ: ಉದ್ದುದ್ದ ದಾರ ಹಾಕಿ ತೊಡಿಸಿ ನೋಡುವುದು, ಸರಿಯಿದ್ದರೆ ಅದರ ಮೇಲೆ ಮಿಷನ್ ಓಡಿಸುವುದು.

ಗುರುತಿಗೆಂದು ಮೂರಕ್ಕೂ ಬಟ್ಟೆಯ ಪಟ್ಟಿ ಕಟ್ಟಿದಳು. ಕೆಂಪು ಪಟ್ಟಿಯದು ಬಲು ಸಿಂಗಾರದ್ದು. ಪರದೆಯಲ್ಲಿ ಒಂದು ಕಿಟಕಿ ತೆರೆಯುವಷ್ಟರಲ್ಲಿ ಲ್ಯಾಪ್‌ಟಾಪ್ ಮಹಡಿ ಹತ್ತಿದ ಮುದುಕನಂತೆ ಏದುಸಿರು ಬಿಟ್ಟಿತು. ನೀಲಿಯದು ಚುರುಕು, ಆದರೆ ಪ್ರಿಂಟರನ್ನು ಕಂಡೂ ಕಾಣದಂತಿತ್ತು. ಹಳದಿಯದು ಸಾದಾ ಸೀದಾ. ಬೇಕಾದದ್ದು ಬೇಕಾದಲ್ಲೇ ಇತ್ತು. ಪ್ರಿಂಟರಿಗೆ ಹೇಳಿದ ಮಾತು ಒಂದೇ ಸಲಕ್ಕೆ ನಾಟಿತು. ಆಕಸ್ಮಿಕವಿರಬಹುದೆಂದು ಇನ್ನೊಂದು ಹಾಳೆ ತೆಗೆದಳು. ಅದೂ ಬಂತು.

ಆಗಷ್ಟೇ ಹಾಡುಗಾರರ ತಂಡವೊಂದು ಇಪ್ಪತ್ತೆರಡು ನಿಲುವಂಗಿಗೆ ಅಳತೆ ಕೊಟ್ಟು ಪರವೂರಿಗೆ ಹೋಗಿತ್ತು. ವಾಪಸು ಬರುವುದು ಕಾರ್ಯಕ್ರಮದ ದಿನವೇ. ಬಂದವರು ನೇರ ಅಂಗಿ ತೊಟ್ಟು ವೇದಿಕೆ ಹತ್ತಬೇಕು. ಟೈಲರಮ್ಮ ಎರಡು ದಿನ, ರಾತ್ರಿಯೂ ಆರಿಸದೆ, ಹಳದಿಯಲ್ಲೇ ಕೂತು ಇಪ್ಪತ್ತೆರಡು ಜನರ ಅಳತೆಯನ್ನೂ ಏರಿಸಿದಳು. ಪ್ರತಿಯೊಬ್ಬರದು ಮುಗಿದಾಗಲೂ ಪ್ರಿಂಟರ್ ಇನ್ನೂ ಮಾತು ಕೇಳುತ್ತದೆಯೇ ಎಂದು ಆ ಅಳತೆಯದೇ ಒಂದೊಂದು ಹಾಳೆ ತೆಗೆದು ನೋಡಿ, ರದ್ದಿಗೆ ಹಾಕಲು ಅತ್ತೆಯ ಕೈಗೆ ಕೊಟ್ಟಳು. ಅಳತೆಯ ಚೀಟಿಗಳನ್ನೂ ಹರಿದಳು. ಒಮ್ಮೆ ಹಳೆಯ ಚೀಟಿ ನೋಡಿ ಬಸ್ ಕಂಡಕ್ಟರನಿಗೆ ಆತನ ತಮ್ಮನಿಗಾಗುವಂಥ ಬಿಗಿ ಕೋಟು ಹೊಲಿದಾಗಿನಿಂದ, ಒಬ್ಬರ ಅಳತೆ ಎರಡು ಕಡೆ ಇರಕೂಡದು ಎಂಬುದು ಅವಳ ಕಟ್ಟುನಿಟ್ಟು. ಆಮೇಲೆ ಲ್ಯಾಪ್‌ಟಾಪನ್ನು ಕ್ರಮವಾಗಿ ಆರಿಸಿದಳು.

ಮರುದಿನ ತೆರೆದರೆ ಹಳದಿ ತೊಳೆದಿಟ್ಟ ತಟ್ಟೆಯಂತೆ ಖಾಲಿ.

ಮೂರು ಸಲ ಹುಡುಕಿದಳು. ತಾನೇ ಏನೋ ಒತ್ತಿರಬೇಕು ಎಂದು ಬೆರಳುಗಳನ್ನೇ ದಿಟ್ಟಿಸಿದಳು. ಫೋನು ಮಾಡಿದ ಅರ್ಧ ಗಂಟೆಯಲ್ಲಿ ನಾದಿನಿ ಬಂದು ನೋಡಿ, ಹಣೆಗೆ ಕೈಯಿಟ್ಟುಕೊಂಡಳು.

"ಅತ್ತಿಗೆ, ಇದರಲ್ಲೇ ಕೆಲಸ ಮಾಡಿದ್ರಾ? ಪೆನ್‌ಡ್ರೈವ್‌ನಿಂದ ನಡೆಸಿದಾಗ ಆರಿಸಿದ ತಕ್ಷಣ ಎಲ್ಲ ಹೋಗುತ್ತೆ."

"ಕಚ್ಚಾ ಹೊಲಿಗೆ ನಾನು ಬಿಚ್ಚೋವರೆಗೂ ಇರುತ್ತಮ್ಮ. ತಿಂಗಳು ಹ್ಯಾಂಗರಿಗೆ ಹಾಕಿದ್ರೂ ಇರುತ್ತೆ. ತಾನಾಗೇ ಬಿಚ್ಚಿಕೊಳ್ಳೋದು ಯಾವ ಸೀಮೆ ಹೊಲಿಗೆ?"

ನಾದಿನಿಗೆ ನಗು ಬಂತು, ಅತ್ತಿಗೆಯ ಮುಖ ನೋಡಿ ನುಂಗಿಕೊಂಡಳು. ತಾನು ಬಿಡಿಸಿ ಹೇಳಬೇಕಿತ್ತು, ತಪ್ಪು ತನ್ನದೇ ಎಂದಳು. ಟೈಲರಮ್ಮ ಅದನ್ನು ಕೇಳಿಸಿಕೊಳ್ಳಲಿಲ್ಲ. ಇಪ್ಪತ್ತೆರಡು ಜನ ಹಳೇ ಅಂಗಿಯಲ್ಲಿ ಹಾಡುವುದು, ತಂಡದ ಮುಖ್ಯಸ್ಥೆ ತನ್ನತ್ತ ಒಮ್ಮೆ ತಿರುಗಿ ನೋಡುವುದು, ಎಲ್ಲ ಅವಳ ಕಣ್ಣಿಗೆ ಕಟ್ಟಿತ್ತು.

ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅತ್ತೆ, ಪೆಟ್ಟಿಗೆಯನ್ನು ಎತ್ತಿಟ್ಟು ಕೇಳಿದಳು. "ನಿನ್ನೆ ಮೊನ್ನೆ ಬಿಸಾಕು ಅಂತ ಹಾಳೆ ಕೊಟ್ಟೆಯಲ್ಲ, ಅವೇ ಏನು?"

ಒಂದು ಬದಿ ಖಾಲಿಯಿರುವ ಕಾಗದವನ್ನು ಬಿಸಾಡುವ ಜಾಯಮಾನ ಅತ್ತೆಯದಲ್ಲ. ಗುಂಡಿಯ ಡ್ರಾಯರುಗಳಿಗೆಲ್ಲ ಅವೇ ಹಾಳೆ ಹಾಸಿದ್ದಳು. ಮೂವರೂ ನೆಲದ ಮೇಲೆ ಕೂತು ಡ್ರಾಯರು ಮಗುಚಿದರು. ಗುಂಡಿಗಳು ಮಂಚದಡಿ, ಮಿಷನ್ನಿನಡಿ ಉರುಳಿದವು. ಹತ್ತೊಂಬತ್ತು ಸಿಕ್ಕವು. ಇನ್ನೆರಡು ಜಾಡಿಯ ಮುಚ್ಚಳದೊಳಗೆ ದುಂಡಗೆ ಕತ್ತರಿಸಿಕೊಂಡು ಕೂತಿದ್ದವು, ಅಂಕಿಗಳು ಪುಣ್ಯಕ್ಕೆ ನಡುವೆಯೇ ಇದ್ದವು. ಕೊನೆಯದು ಎಲ್ಲೂ ಇಲ್ಲ. ಆಮೇಲೆ ಅತ್ತೆ ಸ್ವಲ್ಪ ನಾಚಿಕೊಂಡು, ತನ್ನ ಕನ್ನಡಕದ ಗೂಡಿನಿಂದ ಮಡಚಿದ ಹಾಳೆ ತೆಗೆದುಕೊಟ್ಟಳು. ಗಾಜು ಗೀರಬಾರದೆಂದು ಇಟ್ಟಿದ್ದಳಂತೆ.

ಸಂಜೆಯೊಳಗೆ ಎಂಟು ಅಂಗಿಗಳ ಬಟ್ಟೆ ಕತ್ತರಿಸಿಯಾಗಿತ್ತು. ಅತ್ತಿಗೆ ಇನ್ನು ಪೆನ್‌ಡ್ರೈವ್ ಕಂಡರೆ ದೂರದಿಂದಲೇ ಕೈಮುಗಿಯುತ್ತಾಳೆ ಎಂದುಕೊಂಡ ನಾದಿನಿ ಮೂರನ್ನೂ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಟೈಲರಮ್ಮ ಹಳದಿ ಪಟ್ಟಿ ಹಿಡಿದೆಳೆದಳು.

"ಇದು ಏನೂ ಮೋಸ ಮಾಡಲಿಲ್ಲ. ನಾನು ಪಕ್ಕಾ ಹೊಲಿಗೆ ಹಾಕದೆ ಗಿರಾಕಿಗೆ ಕೊಟ್ಟೆ ಅಷ್ಟೇ. ಇದನ್ನೇ ಹಾಕು."

ಅಂಗಿಗಳು ವೇದಿಕೆ ಹತ್ತಿ ಚಪ್ಪಾಳೆ ಗಿಟ್ಟಿಸಿದ ಮರುದಿನ ಹಳದಿಯದನ್ನು ಲ್ಯಾಪ್‌ಟಾಪಿನ ಒಳಗೇ ಕೂರಿಸಿದರು. ಅದಕ್ಕೆ ಮೊದಲು ಒಂಬತ್ತು ವರ್ಷದ ಅಳತೆಗಳನ್ನು ಟೈಲರಮ್ಮ ಒಂದಲ್ಲ, ಮೂರು ಕಡೆ ನಕಲು ಮಾಡಿಸಿದಳು. ಕಟ್ಟುನಿಟ್ಟು ಮುರಿದದ್ದಕ್ಕೆ ಮನಸ್ಸು ಚುರ್ ಎಂದರೂ, ಒಂದು ನಕಲನ್ನು ಅತ್ತೆಯ ಡ್ರಾಯರಿನಲ್ಲೇ ಇಟ್ಟಳು. ಅಲ್ಲಿಂದ ಏನೂ ಕಳೆದುಹೋಗುವುದಿಲ್ಲವೆಂಬುದು ಸಾಬೀತಾಗಿತ್ತು.

ಹೊಸ ವ್ಯವಸ್ಥೆಯಲ್ಲಿ ಮೊದಲ ಅಳತೆ ಅತ್ತೆಯದು. ಬರೆದಳು, ಆರಿಸಿದಳು, ತೆರೆದಳು. ಇತ್ತು. ಮತ್ತೆ ಆರಿಸಿ ತೆರೆದಳು. ಆಗಲೂ ಇತ್ತು. ಮೂರನೆಯ ಸಲ ತೆರೆದಾಗ ಅತ್ತೆ ಕನ್ನಡಕ ಏರಿಸಿ ಬಗ್ಗಿ, ಸೊಂಟದ ಅಂಕಿಯನ್ನು ತುಸು ಹೊತ್ತು ನೋಡಿದಳು.

"ಅದೊಂದನ್ನ ಮರೆತಿದ್ರೂ ನಡೀತಿತ್ತು ಕಣೆ," ಎಂದು ಇಸ್ತ್ರಿಗೆ ಮರಳಿದಳು.