ಕೆಳದನಿಯ ಸಾಲು

ಗುಂಡು ಹಾರಿದ ಮಾರನೆಯ ದಿನವೇ ಕಾಲೇಜಿನವರು ವರ್ಡಾ ಶ್ರಾಗ್ ಎಂಬಾಕೆಯ ಮನೆಗೆ ಬಂದು, ಆಕೆಯ ಮಗನನ್ನು ಕ್ಷಮಿಸಿದ್ದೇವೆ ಎಂದು ಹೇಳಿ ಹೋದರು. ಪ್ರಿನ್ಸಿಪಾಲ್ ಗೇಲನ್ ವೇಡೆಲ್ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಜೊತೆಗೆ ಬಂದವರು ಒಲೆಯ ಮೇಲೆ ಸೂಪಿನ ಪಾತ್ರೆ ಇಟ್ಟು ಪ್ರಾರ್ಥನೆ ಹೇಳಿದರು. ಕ್ಷಮಿಸುವುದು ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಆ ಜನರಿಗೆ ಅಜ್ಜಂದಿರ ಕಾಲದ ರೂಢಿ, ಅದಕ್ಕೆ ತಡಮಾಡುವಂತಿಲ್ಲ. ಆದರೆ ಕ್ಷಮಿಸಿದ್ದೇವೆ ಎಂದಾದ ಮೇಲೆ ಮುಂದೇನು ಮಾತಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಮತ್ತೆ ಆ ಬಾಗಿಲು ತಟ್ಟಿದವರಿಲ್ಲ.

ಅವಳ ಒಬ್ಬನೇ ಮಗ ಲೋರೆನ್, ಆ ಕಾಲೇಜಿನಲ್ಲೇ ಓದುತ್ತಿದ್ದವನು, ಅಲ್ಲಿನ ಗ್ರಂಥಾಲಯದಲ್ಲಿ ಮೂವರನ್ನು ಕೊಂದು ತನ್ನನ್ನೂ ಕೊಂದುಕೊಂಡಿದ್ದ. ಸತ್ತವರಲ್ಲಿ ಟೆಸ್ಸಾ ಎಂಬ ಹುಡುಗಿ ಎಲ್ಡಾ ಗೋರಿಂಗ್ ಎಂಬಾಕೆಯ ಮೊಮ್ಮಗಳು. ಮೂವರ ಮಣ್ಣಿಗೂ ಊರೇ ನೆರೆದು ಹಾಡಿತು. ಲೋರೆನನನ್ನು ಮಣ್ಣು ಮಾಡುವಾಗ ಪಾದ್ರಿ ಮತ್ತು ವರ್ಡಾ ಮಾತ್ರ ಇದ್ದರು. ಹಾಡಲಿಲ್ಲ.

ಅಮೆರಿಕದ ಕಾನ್ಸಾಸಿನ ಗೋಧಿ ಹೊಲಗಳ ನಡುವಿನ ಆ ಪುಟ್ಟ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ವಾದ್ಯ ಎಂಬುದಿಲ್ಲ. ವಿದ್ಯಾರ್ಥಿ, ಮೇಷ್ಟ್ರು, ಊರವರು ಎಲ್ಲರೂ ನಾಲ್ಕು ದನಿಗಳಾಗಿ ಹಂಚಿಕೊಂಡು, ದನಿಗೊಂದು ಕಡೆ ಕೂತು ಹಾಡುತ್ತಾರೆ. ಒಂದೊಂದು ದನಿಯ ರಾಗವೂ ಬೇರೆ, ನಾಲ್ಕೂ ಕೂಡಿದರೇ ಹಾಡು. ಹೆಂಗಸರ ಕೆಳದನಿಯ ಸಾಲಿನಲ್ಲಿ ವರ್ಡಾ, ಎಲ್ಡಾ ಮದುವೆಗೆ ಮುಂಚಿನಿಂದಲೂ ಭುಜಕ್ಕೆ ಭುಜ ತಾಗಿಸಿ ಕೂತವರು. ಎಲ್ಡಾಗೆ ಸ್ವರ ನಿಲ್ಲದು. ವರ್ಡಾಳ ದನಿಯನ್ನೇ ಕೈಗೋಲಿನಂತೆ ಹಿಡಿದು ನಡೆಯುವವಳು. ನಿನಗೊಂದು ಕೆಮ್ಮು ಬಂದರೆ ನಮ್ಮ ಸಾಲೆಲ್ಲ ಬಾವಿಗೆ ಬಿದ್ದ ಹಾಗೇ ಎಂದು ಅವಳೇ ನಗಾಡುತ್ತಿದ್ದಳು.

ಸತ್ತವರ ನೆನಪಿನ ಪ್ರಾರ್ಥನೆಯ ಭಾನುವಾರ ಬಂತು. ಅಲ್ಲಿ ತನಗಿನ್ನೂ ಜಾಗವುಂಟೇ ಎಂಬ ಒಂದೇ ಪ್ರಶ್ನೆ ವರ್ಡಾಳನ್ನು ತಿನ್ನುತ್ತಿತ್ತು. ಕೊನೆಗೆ ಹೋದಳು, ಕೋಟುಗಳನ್ನು ತೂಗುಹಾಕುವ ಗೋಡೆಯ ಪಕ್ಕ, ಕಟ್ಟಕಡೆಯ ಬೆಂಚಿನಲ್ಲಿ ಕೂತಳು. ಕೊಂದವನ ತಾಯಿಯ ಬಾಯಿಂದ ಆ ಮಕ್ಕಳಿಗೆ ಹಾಡು ಬೇಡವೆಂದು ತುಟಿ ಬಿಗಿದಳು.

ಹಾಡು ಶುರುವಾಯಿತು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಕೆಳದನಿಯ ಹೆಂಗಸರು ಒಬ್ಬೊಬ್ಬರಾಗಿ ದಾರಿ ತಪ್ಪಿ ಮೇಲ್ದನಿಗೆ ಜಾರಿದರು. ಕಾಲು ಮುರಿದ ಮಂಚದಂತೆ ಹಾಡು ಒಂದು ಕಡೆಗೆ ವಾಲಿ ನಿಂತೇಹೋಯಿತು. ಹಾಡಿಸುತ್ತಿದ್ದವನ ಕೈ ಗಾಳಿಯಲ್ಲೇ ಉಳಿಯಿತು. ಯಾರೋ ಬಿಕ್ಕಿದರು.

ಎಲ್ಡಾ ಎದ್ದು ನಿಂತಳು. ಹಿಂದೆ ತಿರುಗಲಿಲ್ಲ.

"ವರ್ಡಾ, ಎಲ್ಲಿದೀಯೇ?"

"ಇಲ್ಲೇ ಇದೀನಿ."

"ಅಲ್ಲಿ ಕೂತು ಏನ್ ಮಾಡ್ತಿದೀಯ? ನನ್ನ ಟೆಸ್ಸಾಗೆ ಅರ್ಧ ಹಾಡು ಹಾಡಿ ಕಳಿಸ್ಲಾ?"

"ನನ್ ಕೈಲಿ ಆಗಲ್ಲ, ಎಲ್ಡಾ."

"ನನ್ ಕೈಲೂ ಆಗ್ತಿಲ್ಲ ಕಣೆ. ಬಾ."

ವರ್ಡಾ ನಡುವಿನ ದಾರಿಯಲ್ಲಿ ನಡೆದು ಬಂದಳು. ಎಲ್ಡಾ ಪಕ್ಕದ ಜಾಗದಲ್ಲಿಟ್ಟಿದ್ದ ಕೈಚೀಲವನ್ನು ಸ್ವಲ್ಪ ಈಚೆಗೆ ಸರಿಸಿದಳು, ಪೂರ್ತಿ ತೆಗೆಯಲಿಲ್ಲ. ಇಬ್ಬರ ನಡುವೆ ಆ ಚೀಲ ಕೂತಿತು.

ಹಾಡು ಮೊದಲಿನಿಂದ ಎದ್ದಿತು. ವರ್ಡಾಳ ದನಿ ಒಡೆಯಿತು, ಮತ್ತೆ ಕೂಡಿತು. ಕೊನೆಯ ಚರಣದಲ್ಲಿ ಎಲ್ಡಾಳ ನಡುಗುವ ದನಿ ತಡವರಿಸುತ್ತ ಬಂದು ಅವಳ ದನಿಯನ್ನು ಹಿಡಿದುಕೊಂಡಿತು. ಹಾಡು ಮುಗಿದದ್ದೇ ಆ ಹಿಡಿತ ಬಿಟ್ಟಿತು. ಎಲ್ಡಾ ಚೀಲ ಎತ್ತಿಕೊಂಡು, ಇವಳ ಮುಖ ನೋಡದೆ ಆಚೆಯ ಬಾಗಿಲಿನಿಂದ ಹೊರಟುಹೋದಳು.

ವರ್ಡಾ ಮನೆಗೆ ಹೋಗಲಿಲ್ಲ. ಹೊಲದಂಚಿನ ಸ್ಮಶಾನಕ್ಕೆ ನಡೆದು, ಇನ್ನೂ ಹುಲ್ಲು ಹುಟ್ಟದ ಮಣ್ಣಿನ ಪಕ್ಕ ನಿಂತಳು. ಅದೇ ಹಾಡನ್ನು ಮಗನಿಗೂ ಹಾಡಿದಳು. ಉಳಿದ ಮೂರು ದನಿಗಳಷ್ಟೇ ಹಾಡಬೇಕಾದ ಕಡೆಯೆಲ್ಲ ಕಾದು, ತನ್ನ ಸರದಿ ಬಂದಾಗ ಮಾತ್ರ ಎತ್ತಿಕೊಂಡಳು. ಕೆಳದನಿಯೊಂದನ್ನೇ ಕೇಳಿದರೆ ಅದು ಯಾವ ಹಾಡೆಂದು ಯಾರಿಗೂ ಗುರುತು ಸಿಗುವಂತಿರಲಿಲ್ಲ.